ಬಾಡಿಗೆದಾರ ಮನೆ ಹಾಳು ಮಾಡಿದಾಗ: ದೋಹಾದಲ್ಲಿ ಕೂತ ಮನೆ ಮಾಲೀಕನ ಲೆಕ್ಕ



ಈ ಬ್ಲಾಗಿನಲ್ಲಿ ಮ್ಯೂಚುವಲ್ ಫಂಡ್, ಎಫ್‌ಡಿ, ತೆರಿಗೆ ಅಂತ ಬರೆಯುತ್ತಿರುತ್ತೇನೆ. ಇವತ್ತು ನನ್ನದೇ ಒಂದು ನಷ್ಟದ ಲೆಕ್ಕ. ಕತಾರ್‌ನಲ್ಲಿ ದುಡಿದು ಊರಿನಲ್ಲಿ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟ ನಮ್ಮವರು ತುಂಬಾ ಜನ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬಂದರೆ ನನ್ನ ದುಡ್ಡು ಪೂರ್ತಿ ವ್ಯರ್ಥವಾಗಲಿಲ್ಲ ಅಂದುಕೊಳ್ಳುತ್ತೇನೆ.

ಒಂದು ಶುಕ್ರವಾರ, ದೋಹಾದಲ್ಲಿ ಬೆಳಿಗ್ಗೆ 7 ಗಂಟೆ, ಊರಿನಲ್ಲಿ 9.30. ರಜೆಯ ದಿನ, ಇನ್ನೂ ಮಲಗಿದ್ದೆ. ಮಂಗಳೂರಿನಿಂದ ಭಾವನ ಫೋನ್. "ಬಾಡಿಗೆಯವರು ಕೀ ಕೊಟ್ಟು ಹೋದರು ಮಾರಾಯ. ನೀನೊಮ್ಮೆ ವಿಡಿಯೊ ಕಾಲ್‌ನಲ್ಲಿ ಮನೆ ನೋಡು" ಅಂದರು. ಅವರ ದನಿಯಲ್ಲೇ ಏನೋ ಸರಿ ಇಲ್ಲ ಅಂತ ಗೊತ್ತಾಯಿತು.

ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟು ನೀರು ಕುಡಿದು ಉಬ್ಬಿತ್ತು, ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಹಾಲ್‌ನ ಗೋಡೆ ತುಂಬ ಡ್ರಿಲ್ ಮಾಡಿದ ತೂತು. ವಾಷ್ ಬೇಸಿನ್ ಒಡೆದಿತ್ತು. ಕಿಟಕಿಯ ಸೊಳ್ಳೆ ಪರದೆ ಹರಿದಿತ್ತು, ಎರಡು ಗಾಜು ಬಿರುಕು ಬಿಟ್ಟಿದ್ದವು. ಬಾತ್‌ರೂಮ್ ಬಾಗಿಲಿನ ಅಡಿಭಾಗ ಕೊಳೆತಿತ್ತು. ಗೀಸರ್ ಕೆಟ್ಟಿತ್ತು.

ಬಾಡಿಗೆ ತಿಂಗಳಿಗೆ 20,000 ರೂಪಾಯಿ. ಅಡ್ವಾನ್ಸ್ 1 ಲಕ್ಷ ನನ್ನ ಹತ್ತಿರ ಇತ್ತು. "ಒಂದು ಪೈಸೆ ವಾಪಸ್ ಕೊಡುವುದಿಲ್ಲ" ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ.

ರಿಪೇರಿ ಬಿಲ್

ಭಾವ ಆಚಾರಿ, ಪ್ಲಂಬರ್, ಪೇಂಟರ್ ಮೂವರನ್ನೂ ಕರೆದು ಲೆಕ್ಕ ಹಾಕಿಸಿದರು.

- ಅಡುಗೆಮನೆಯ ಕಪಾಟು: 62,000
- ಇಡೀ ಮನೆಗೆ ಪುಟ್ಟಿ, ಪೇಂಟ್: 38,000
- ಹೊಸ ಗೀಸರ್: 14,000
- ಬಾತ್‌ರೂಮ್ ಬಾಗಿಲು: 9,000
- ವಾಷ್ ಬೇಸಿನ್: 8,000
- ಗಾಜು ಮತ್ತು ಸೊಳ್ಳೆ ಪರದೆ: 7,000

ಒಟ್ಟು 1,38,000 ರೂಪಾಯಿ. ಅಂದರೆ ಅಡ್ವಾನ್ಸ್ ಪೂರ್ತಿ ಇಟ್ಟುಕೊಂಡರೂ 38,000 ಕೈಯಿಂದ ಹಾಕಬೇಕು. ಬಾಡಿಗೆದಾರನಿಗೆ ಈ ಪಟ್ಟಿ ಕಳಿಸಿದೆ. ಅವನಿಂದ ಬಂದ ಉತ್ತರ ಎರಡೇ ಸಾಲು. "ಸರ್, ಸಿಂಕ್ ಕೆಳಗೆ ನಾವು ಬರುವಾಗಲೇ ಒದ್ದೆ ಇತ್ತು. ನಿಮಗೆ ಆಗಲೇ ಹೇಳಿದ್ದೆ."

ಸುಳ್ಳು ಹೇಳುತ್ತಿದ್ದಾನೆ ಅಂತ ಸಿಟ್ಟು ಬಂತು. ಹಳೆಯ ವಾಟ್ಸಾಪ್ ಮೆಸೇಜ್ ತೆಗೆದು ನೋಡಿದೆ. ಮನೆಗೆ ಬಂದ ಎರಡನೇ ತಿಂಗಳಲ್ಲಿ ಅವನು ನೀರು ಸೋರುವ ಫೋಟೊ ಕಳಿಸಿದ್ದ. ಅದರ ಕೆಳಗೆ ನನ್ನ ಉತ್ತರ: "ಊರಿಗೆ ಬಂದಾಗ ನೋಡೋಣ." ಆ ವರ್ಷ ನಾನು ಊರಿಗೆ ಹೋಗಲೇ ಇಲ್ಲ. 500 ರೂಪಾಯಿಯಲ್ಲಿ ಮುಗಿಯುತ್ತಿದ್ದ ಪ್ಲಂಬರ್ ಕೆಲಸ 62,000ಕ್ಕೆ ಬಂದು ನಿಂತಿತ್ತು.

ಕಾನೂನು ಯಾರ ಕಡೆ ಇದೆ?

ಊರಿನ ಒಬ್ಬ ವಕೀಲರ ಹತ್ತಿರ ಮಾತಾಡಿದೆ. ಅವರು ಹೇಳಿದ್ದನ್ನು ಸರಳವಾಗಿ ಬರೆಯುತ್ತೇನೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಆದರೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಸ್ಥೂಲವಾಗಿ ಅದರ ಹೊರಗೆ. ಹಾಗಾಗಿ ನಮ್ಮ ನಿಮ್ಮ ಫ್ಲ್ಯಾಟ್‌ಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಾವು ಬರೆದುಕೊಂಡ ಕರಾರು. ಆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಸಹಜ ಸವೆತ ಮತ್ತು ಪ್ರಕೃತಿ ವಿಕೋಪದಂಥ ತಡೆಯಲಾಗದ ಕಾರಣಗಳಿಗೆ ಮಾತ್ರ ವಿನಾಯಿತಿ. ಮಾಲೀಕ ಸರಿಯಾದ ಸಮಯದಲ್ಲಿ ಬಂದು ಮನೆ ಪರಿಶೀಲಿಸುವುದಕ್ಕೂ ಅವನು ಬಿಡಬೇಕು.

"ತಾನು ಪಡೆದ ಸ್ಥಿತಿ" ಅನ್ನುವ ಮಾತನ್ನು ಗಮನಿಸಿ. ಆ ಸ್ಥಿತಿ ಹೇಗಿತ್ತು ಅಂತ ತೋರಿಸಬೇಕಾದವನು ನಾನು. ನನ್ನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಕರಾರಿನಲ್ಲಿ "ಸುಸ್ಥಿತಿಯಲ್ಲಿ ಒಪ್ಪಿಸಲಾಗಿದೆ" ಅನ್ನುವ ಒಂದೇ ಸಾಲು.

ಕೋರ್ಟಿಗೆ ಹೋಗುವುದಾದರೆ ನಷ್ಟ ಪರಿಹಾರದ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ಆದರೆ ಇನ್ನೊಂದು ತೊಡಕು. ನಾನು ಇರುವುದು ದೋಹಾದಲ್ಲಿ, ಭಾವನಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು. ಪವರ್ ಆಫ್ ಅಟಾರ್ನಿ ಪಡೆದವರು ತಾವು ಸ್ವತಃ ಮಾಡಿದ್ದಕ್ಕೆ, ಸ್ವತಃ ತಿಳಿದದ್ದಕ್ಕೆ ಮಾತ್ರ ಸಾಕ್ಷಿ ಹೇಳಬಹುದು, ಮಾಲೀಕನಿಗಷ್ಟೇ ಗೊತ್ತಿರುವ ವಿಷಯಕ್ಕೆ ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಕೀ ಕೊಟ್ಟವನು ನಾನು, ತೆಗೆದುಕೊಂಡವರು ಭಾವ. ಮೊದಲು ಮನೆ ಹೇಗಿತ್ತು ಅಂತ ಅವರು ಏನು ಹೇಳಿಯಾರು?

"ನೀರು, ಕರೆಂಟ್ ಕಟ್ ಮಾಡಬಹುದಿತ್ತಲ್ಲ, ಬೀಗ ಬದಲಾಯಿಸಬಹುದಿತ್ತಲ್ಲ" ಅಂತ ಸಲಹೆ ಕೊಡುವವರು ಇಲ್ಲೂ ಇದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಬಾಡಿಗೆದಾರ ಎಷ್ಟೇ ತಪ್ಪು ಮಾಡಿರಲಿ, ಕಾನೂನಿನ ಕ್ರಮ ಇಲ್ಲದೆ ಹೊರಗೆ ಹಾಕಿದರೆ ಕೇಸು ನಮ್ಮ ಮೇಲೇ ತಿರುಗುತ್ತದೆ.

ದೋಹಾದಲ್ಲಿ ನಾನೇ ಬಾಡಿಗೆದಾರ

ನನಗೆ ನಾಚಿಕೆ ಆದದ್ದು ಇಲ್ಲಿ. ಇದೇ ಪಾಠ ನನಗೆ ದೋಹಾದಲ್ಲಿ ಎಷ್ಟೋ ವರ್ಷಗಳಿಂದ ಕಣ್ಣ ಮುಂದೆ ಇತ್ತು.

ನಜ್ಮಾದಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ಕೀ ಕೊಡುವ ಮೊದಲು ವಾಚ್‌ಮನ್ ಒಂದು ಪಟ್ಟಿ ಹಿಡಿದು ಕೋಣೆ ಕೋಣೆ ಸುತ್ತಿಸಿದ. ಎಸಿ ಎಷ್ಟು, ಯಾವುದರ ರಿಮೋಟ್ ಇಲ್ಲ, ಯಾವ ಟೈಲ್ ಬಿರುಕು ಬಿಟ್ಟಿದೆ, ಕೀ ಎಷ್ಟು, ಎಲ್ಲ ಬರೆದು ಇಬ್ಬರೂ ಸಹಿ ಹಾಕಿದೆವು. ಆ ಮನೆ ಬಿಡುವಾಗ ಅದೇ ಪಟ್ಟಿ ತೆಗೆದರು. ಒಂದು ಕೊಳಾಯಿ, ಒಂದು ಕಪಾಟಿನ ಹಿಡಿಗೆ ದುಡ್ಡು ಹಿಡಿದು ಉಳಿದದ್ದು ವಾಪಸ್ ಕೊಟ್ಟರು. ವಾದ ಮಾಡುವುದಕ್ಕೆ ಏನೂ ಇರಲಿಲ್ಲ.

ಕತಾರ್‌ನ ಬಾಡಿಗೆ ಕಾನೂನು 2008ರ 4ನೇ ಸಂಖ್ಯೆಯದ್ದು. ಅದರ ಪ್ರಕಾರ ಮಾಲೀಕ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಕರಾರನ್ನು ಸರಕಾರಿ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಜಗಳ ಆದರೆ ಬಾಡಿಗೆ ವಿವಾದ ಇತ್ಯರ್ಥ ಸಮಿತಿ ಇದೆ. ಪರ್ಲ್‌ನಂಥ ನಿಗದಿತ ಜಾಗಗಳಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವ ಭಾರತೀಯರಿಗೂ ಇದೇ ನಿಯಮ.

ನಮ್ಮ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇತ್ತು, ಈಗಲೂ ಕೆಲವರು ಕೇಳುತ್ತಾರೆ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಕೂಡ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ, ಆದರೆ ಅದನ್ನು ಒಪ್ಪಿ ಜಾರಿಗೆ ತರುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ನನ್ನ ಅನುಭವದಲ್ಲಿ ಹೇಳುವುದಾದರೆ, ಐದು ತಿಂಗಳ ಅಡ್ವಾನ್ಸ್ ಕೈಯಲ್ಲಿದ್ದರೂ ನನಗೆ ಸಿಗದ ರಕ್ಷಣೆ ದೋಹಾದ ಮಾಲೀಕನಿಗೆ ಆ ಸಹಿ ಹಾಕಿದ ಪಟ್ಟಿಯಿಂದ ಸಿಕ್ಕಿತು.

ಯಾರ ಪಾಲು ಎಷ್ಟು?

ಮೂರು ವಾರ ಫೋನಿನಲ್ಲಿ ಮಾತಾಡಿ ಕೊನೆಗೆ ಲೆಕ್ಕ ಹೀಗೆ ಭಾಗ ಮಾಡಿದೆವು.

ಪೇಂಟ್ ಹೊಡೆಸಿ ನಾಲ್ಕು ವರ್ಷ ಆಗಿತ್ತು. ಅವನು ಬಿಡದಿದ್ದರೂ ನಾನು ಹೊಡೆಸಲೇಬೇಕಿತ್ತು. ಹಾಗಾಗಿ ತೂತು ಮುಚ್ಚುವ 6,000 ಮಾತ್ರ ಅವನದು. ಗೀಸರ್‌ಗೆ ಎಂಟು ವರ್ಷ ಆಗಿತ್ತು, ಅದು ನನ್ನದು. ಮಂಗಳೂರಿನ ಮಳೆಗೆ ಬಾತ್‌ರೂಮ್ ಬಾಗಿಲು ಕೊಳೆಯುವುದು ಸಹಜ, ಅದೂ ನನ್ನದು. ಬೇಸಿನ್, ಗಾಜು, ಪರದೆ ಸೇರಿ 15,000 ಅವನದು. ಕಪಾಟಿಗೆ ಐದು ವರ್ಷ ಆಗಿತ್ತು, ಹತ್ತು ವರ್ಷ ಬಾಳಿಕೆ ಅಂತ ಹಿಡಿದು ಅರ್ಧ, ಅಂದರೆ 31,000 ಅವನು ಒಪ್ಪಿದ. ನನ್ನ ಆ ಮೆಸೇಜ್ ನೆನೆದರೆ ಅದೂ ಅವನ ದೊಡ್ಡತನವೇ.

ಒಟ್ಟು 52,000 ಹಿಡಿದು 48,000 ವಾಪಸ್ ಕೊಟ್ಟೆ. ಉಳಿದ 86,000 ನನ್ನ ಜೇಬಿನಿಂದ.

ಹೂಡಿಕೆಯ ಲೆಕ್ಕದಲ್ಲಿ

ಫ್ಲ್ಯಾಟಿನ ಬೆಲೆ 55 ಲಕ್ಷ ಅಂತ ಹಿಡಿಯಿರಿ. ವರ್ಷದ ಬಾಡಿಗೆ 2,40,000. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ 30,000, ಮನೆ ತೆರಿಗೆ 6,000 ಕಳೆದರೆ 2,04,000. ಅಂದರೆ ಶೇ. 3.7. ಆ ವರ್ಷ ರಿಪೇರಿಗೆ 86,000, ಎರಡು ತಿಂಗಳು ಮನೆ ಖಾಲಿ ಬಿದ್ದದ್ದಕ್ಕೆ 40,000 ಹೋಯಿತು. ಉಳಿದದ್ದು 78,000, ಅಂದರೆ ಶೇ. 1.4.

ತೆರಿಗೆಯಲ್ಲಾದರೂ ಈ ಖರ್ಚು ತೋರಿಸಬಹುದೇ ಅಂತ ಕೇಳುತ್ತೀರಿ. ಇಲ್ಲ. ಬಾಡಿಗೆ ಆದಾಯದಲ್ಲಿ ರಿಪೇರಿ ಇತ್ಯಾದಿಗೆ ಅಂತ ಶೇ. 30 ನೇರವಾಗಿ ಬಿಡುತ್ತಾರೆ. ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅಷ್ಟೇ, ಲಕ್ಷ ಖರ್ಚು ಮಾಡಿದರೂ ಅಷ್ಟೇ. ಆದ್ದರಿಂದ ಬಾಡಿಗೆ ಮನೆ ಇರುವವರು ಪ್ರತಿ ವರ್ಷ ಒಂದು ತಿಂಗಳ ಬಾಡಿಗೆಯನ್ನು ರಿಪೇರಿಗೆ ಅಂತ ಎನ್‌ಆರ್‌ಒ ಖಾತೆಯಲ್ಲೇ ತೆಗೆದಿಡಿ. ಅದನ್ನು ಆದಾಯ ಅಂತ ಲೆಕ್ಕ ಹಾಕಬೇಡಿ.

ಈಗ ನಾನು ಮಾಡುತ್ತಿರುವುದು

1. ಕೀ ಕೊಡುವ ದಿನ ಕೋಣೆವಾರು ಪಟ್ಟಿ, ವಿಡಿಯೊ. ಇರುವ ದೋಷಗಳನ್ನೂ ಬರೆಯುತ್ತೇವೆ. ಪಟ್ಟಿ ಕರಾರಿನ ಭಾಗ, ಅದರ ಪ್ರತಿ ಪುಟಕ್ಕೂ ಇಬ್ಬರ ಸಹಿ.

2. ಕೀ ಕೊಡುವವರು, ತೆಗೆದುಕೊಳ್ಳುವವರು ಒಬ್ಬರೇ. ನನ್ನ ಮಟ್ಟಿಗೆ ಅದು ಭಾವ. ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಅವರ ಹತ್ತಿರ ಇದೆ. ಅದು ಊರಿಗೆ ತಲುಪಿದ ಮೂರು ತಿಂಗಳ ಒಳಗೆ ಅಲ್ಲಿ ಸ್ಟಾಂಪ್ ಶುಲ್ಕ ಕಟ್ಟಬೇಕು, ಮರೆಯಬೇಡಿ.

3. ಕಪಾಟು, ಗೀಸರ್, ಪೇಂಟ್ ಯಾವಾಗ ಮಾಡಿಸಿದ್ದು ಅನ್ನುವ ಬಿಲ್ ಇಟ್ಟಿರುತ್ತೇನೆ. ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳುವುದಿಲ್ಲ.

4. ಆರು ತಿಂಗಳಿಗೊಮ್ಮೆ, ಮೊದಲೇ ಹೇಳಿ, ಭಾವ ಮನೆ ನೋಡಿ ಬರುತ್ತಾರೆ. ಒಂದು ಭೇಟಿ ಮಳೆಗಾಲ ಮುಗಿದ ಮೇಲೆ.

5. 3,000 ರೂಪಾಯಿವರೆಗಿನ ರಿಪೇರಿ ಬಾಡಿಗೆದಾರನೇ ಮಾಡಿಸಿ, ಬಿಲ್ ಕಳಿಸಿ, ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಅಂತ ಕರಾರಿನಲ್ಲೇ ಬರೆದಿದ್ದೇನೆ.

6. ಕರಾರು 11 ತಿಂಗಳಿಗೆ. ಒಂದು ವರ್ಷಕ್ಕಿಂತ ಹೆಚ್ಚಿನದಾದರೆ ನೋಂದಣಿ ಕಡ್ಡಾಯ. ಪ್ರತಿ ನವೀಕರಣಕ್ಕೂ ಪಟ್ಟಿ ಮತ್ತೊಮ್ಮೆ ನೋಡಿ ಸಹಿ.

ಇವುಗಳಲ್ಲಿ ನನಗೆ ಹೆಚ್ಚು ಉಪಯೋಗ ಆಗುತ್ತಿರುವುದು ಐದನೆಯದು. ಹೊಸ ಬಾಡಿಗೆದಾರರು ಇದುವರೆಗೆ ಎರಡು ಸಲ ಪ್ಲಂಬರ್ ಬಿಲ್ ಕಳಿಸಿದ್ದಾರೆ, ಒಟ್ಟು 1,150 ರೂಪಾಯಿ. ನೋಡಿದ ಕೂಡಲೇ "ಸರಿ, ಕಳೆದುಕೊಳ್ಳಿ" ಅಂತ ಉತ್ತರ ಕೊಟ್ಟಿದ್ದೇನೆ.

ನಾನು ವಕೀಲನಲ್ಲ. ದೊಡ್ಡ ಮೊತ್ತದ ವಿವಾದ ಇದ್ದರೆ ನಿಮ್ಮ ಕರಾರು ಹಿಡಿದು ಊರಿನ ವಕೀಲರನ್ನೇ ಕೇಳಿ. ಆದರೆ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬಾಡಿಗೆದಾರ ಕಳಿಸಿದ ಹಳೆಯ ಮೆಸೇಜ್‌ಗಳನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿ. ಉತ್ತರ ಕೊಡದೆ ಬಿಟ್ಟದ್ದು ಯಾವುದಾದರೂ ಇದ್ದರೆ ಇವತ್ತೇ ಫೋನ್ ಮಾಡಿ ವಿಚಾರಿಸಿ.