ದುಡ್ಡು ಮೈಸೂರಿನದು, ಕಾನೂನು ಕೂತ ಊರಿನದು

ನಮ್ಮನೆ ಊಟದ ಮೇಜೇ ನನ್ನ ಆಫೀಸು. ಬೆಳಗಿನ ಜಾವ ಐದೂವರೆಗೆ ಅಲ್ಲಿ ಲ್ಯಾಪ್‌ಟಾಪ್ ತೆರೆದರೆ, ಅಮೆರಿಕದ ಕನ್ನಡ ಮಕ್ಕಳು ಊಟ ಮುಗಿಸಿ ಅಕ್ಷರ ತಿದ್ದಲು ಕೂತಿರುತ್ತಾರೆ. ಮೊದಲು ನಾನೊಬ್ಬಳೇ ಪಾಠ ಮಾಡುತ್ತಿದ್ದೆ. ಮಕ್ಕಳು ಹೆಚ್ಚಾದ ಮೇಲೆ ಇನ್ನಿಬ್ಬರು ಟೀಚರ್ ಬೇಕೇ ಬೇಕು ಅನ್ನಿಸಿತು.

ಒಬ್ಬರು ಶಿರಸಿಯಲ್ಲಿ ಸಿಕ್ಕರು. ಇನ್ನೊಬ್ಬಳು ನನ್ನ ಚಿಕ್ಕಮ್ಮನ ಮಗಳು. ಬೆಂಗಳೂರಿನ ಶಾಲೆಯಲ್ಲಿ ಎಂಟು ವರ್ಷ ಪಾಠ ಮಾಡಿದವಳು, ಈಗ ನ್ಯೂಜೆರ್ಸಿಯಲ್ಲಿದ್ದಾಳೆ. ಗಂಡನದು ಎಚ್-1ಬಿ ವೀಸಾ, ಇವಳದು ಅದರ ಜೊತೆಗೆ ಬರುವ ಎಚ್-4.

"ಅಕ್ಕಾ, ಮನೇಲಿ ಕೂತು ಕೂತು ಸಾಕಾಗಿದೆ, ನಂಗೆ ಕೆಲ್ಸ ಕೊಡು. ದುಡ್ಡು ಇಲ್ಲಿಗೆ ಕಳ್ಸೋದೇ ಬೇಡ, ಮಲ್ಲೇಶ್ವರದ ನನ್ನ ಖಾತೆಗೇ ಹಾಕ್ಬಿಡು. ಯಾರಿಗೇನು ತೊಂದ್ರೆ?" ಅಂದಳು. ನನಗೂ ಸರಿ ಅನ್ನಿಸಿ ಹೂಂ ಅಂದುಬಿಟ್ಟೆ.

ಲೆಕ್ಕ ತೋರಿಸಲು ಹೋದಾಗ ಆಡಿಟರ್ ಪೆನ್ನು ಕೆಳಗಿಟ್ಟರು. "ಮೇಡಂ, ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದಕ್ಕಿಂತ ಮೊದಲು, ಅವರು ಎಲ್ಲಿ ಕೂತು ಕೆಲಸ ಮಾಡ್ತಾರೆ ಅಂತ ನೋಡಿ. ಅಮೆರಿಕದ ವೀಸಾ ವಕೀಲರನ್ನ ಕೇಳದೆ ಮುಂದುವರಿಯಬೇಡಿ."

ತಂಗಿಯೇ ಅಲ್ಲಿನ ವಕೀಲರನ್ನು ಕೇಳಿದಳು. ಎಚ್-4ನಲ್ಲಿರುವವರು ಇಎಡಿ ಅನ್ನುವ ಕೆಲಸದ ಅನುಮತಿ ಇಲ್ಲದೆ ದುಡಿಯುವಂತಿಲ್ಲ. 2015ರಿಂದ ಈ ಅನುಮತಿ ಕೆಲವರಿಗೆ ಸಿಗುತ್ತಿದೆ. ಮುಖ್ಯವಾಗಿ, ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡಿಗೆ ಬೇಕಾದ ಐ-140 ಅರ್ಜಿ ಒಪ್ಪಿಗೆಯಾಗಿರಬೇಕು. ಅವಳ ಗಂಡನದು ಇನ್ನೂ ಆಗಿರಲಿಲ್ಲ. ಕಂಪನಿ ಭಾರತದ್ದಾದರೂ, ಸಂಬಳ ರೂಪಾಯಿಯಲ್ಲಿ ಬಂದರೂ, ದುಡಿದದ್ದು ಅಮೆರಿಕದ ನೆಲದಲ್ಲೇ ಎಂದು ಲೆಕ್ಕ. ಮುಂದೆ ಅವಳ ವೀಸಾಕ್ಕೆ, ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

"ಹಾಗಾದ್ರೆ ದುಡ್ಡೇ ಬೇಡ, ಸುಮ್ನೆ ಪಾಠ ಮಾಡ್ಲಾ?" ಅಂದಳು. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದರೂ ಅಪಾಯವೇ ಎಂದರಂತೆ ವಕೀಲರು. ಫೋನಿನಲ್ಲಿ ಇಬ್ಬರಿಗೂ ಮಾತು ಹೊರಡಲಿಲ್ಲ. ಕೊಟ್ಟ ಮಾತು ನಾನೇ ವಾಪಸ್ ತಗೊಂಡೆ.

ಶಿರಸಿಯ ಟೀಚರ್ ವಿಷಯ ಸುಲಭ ಅಂದುಕೊಂಡಿದ್ದೆ. 'ಫೀಸು' ಅಂತ ಕೊಟ್ಟರೆ ಮುಗೀತು, ಪಿಎಫ್ ಗಿಎಫ್ ತಲೆನೋವು ಇರಲ್ಲ ಅಂತ. ಆಡಿಟರ್ ಮೂರೇ ಪ್ರಶ್ನೆ ಕೇಳಿದರು. ಸಮಯ ಯಾರು ಹೇಳ್ತಾರೆ? ಪಾಠ ಯಾರು ಸಿದ್ಧ ಮಾಡ್ತಾರೆ? ರಜೆಗೆ ಯಾರನ್ನ ಕೇಳ್ತಾರೆ? ಮೂರಕ್ಕೂ ಉತ್ತರ ನಾನೇ. "ಹಾಗಿದ್ರೆ ಕಾಗದದ ಮೇಲೆ ಏನೇ ಬರೀರಿ, ಅವರು ನಿಮ್ಮ ನೌಕರರೇ" ಅಂದರು.

ಸಣ್ಣ ಸಂಸ್ಥೆಗೆ ಕಾನೂನಿನಲ್ಲಿ ಕೆಲವು ವಿನಾಯಿತಿ ಇದೆ. ಪಿಎಫ್ ಸಾಮಾನ್ಯವಾಗಿ ಕಡ್ಡಾಯವಾಗುವುದು 20 ಜನ ಇದ್ದಾಗ. ಇಎಸ್‌ಐ, 26 ವಾರಗಳ ಹೆರಿಗೆ ರಜೆ 10 ಜನ ಇದ್ದಾಗ. ಕನಿಷ್ಠ ವೇತನಕ್ಕೆ ಮಾತ್ರ ತಲೆ ಎಣಿಕೆ ಇಲ್ಲ, ಒಬ್ಬರಿದ್ದರೂ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರಕ್ಕೂ ಒತ್ತು ಕೊಟ್ಟಿವೆ. ಜೊತೆಗೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಅದನ್ನೂ ಮಾಡಿಸಿದೆ.

ಪತ್ರ ಬರೆಯುವ ದಿನ ಶಿರಸಿಯ ಟೀಚರ್ ಹಿಂಜರಿಯುತ್ತಲೇ ಕೇಳಿದರು, "ಮೇಡಂ, ಮುಂದೆ ಹೆರಿಗೆ ರಜೆ ಸಿಗುತ್ತಾ?" ಕಾನೂನು ನನ್ನನ್ನು ಕೇಳುವುದಿಲ್ಲ, ನಿಜ. ಆದರೆ ನನ್ನ ಮಗಳು ಹುಟ್ಟಿದಾಗ ನಾನು ಕೆಲಸ ಬಿಟ್ಟದ್ದು ಇದೇ ಕಾರಣಕ್ಕೆ. ಮೂರು ತಿಂಗಳು ಸಂಬಳದ ರಜೆ ಎಂದು ಪತ್ರದಲ್ಲೇ ಸೇರಿಸಿದೆ. 26 ವಾರ ಕೊಡುವ ಶಕ್ತಿ ಇನ್ನೂ ನನಗಿಲ್ಲ.

ತಂಗಿಯ ಜಾಗಕ್ಕೆ ಟೊರಾಂಟೊದ ಕನ್ನಡತಿಯೊಬ್ಬರು ಬಂದಿದ್ದಾರೆ. ಅವರು ಕೆನಡಾದ ಪ್ರಜೆ, ಹಾಗಾಗಿ ಅಲ್ಲಿ ದುಡಿಯಲು ಯಾರ ಅನುಮತಿಯೂ ಬೇಡ. ಬೇರೆ ಕಡೆಯೂ ಪಾಠ ಮಾಡುತ್ತಾರೆ, ಸಮಯ ಅವರದ್ದೇ, ತಿಂಗಳಿಗೊಮ್ಮೆ ಬಿಲ್ ಕಳಿಸುತ್ತಾರೆ, ಅಲ್ಲಿನ ತೆರಿಗೆ ತಾವೇ ಕಟ್ಟುತ್ತಾರೆ. ಅವರನ್ನೂ ನೌಕರರಂತೆ ದುಡಿಸಿಕೊಂಡರೆ ಕೆನಡಾದ ಕಾರ್ಮಿಕ ಕಾನೂನು ನನ್ನನ್ನೇ ಪ್ರಶ್ನಿಸಬಹುದು. ಹೊರದೇಶಕ್ಕೆ ದುಡ್ಡು ಕಳಿಸುವ ಮೊದಲು ಇಲ್ಲಿ ತೆರಿಗೆ ಹಿಡಿಯಬೇಕೇ ಎಂಬುದನ್ನು ಆಡಿಟರ್ ನೋಡಿಕೊಡುತ್ತಾರೆ, ಬ್ಯಾಂಕಿನವರೂ ಕಾಗದ ಕೇಳುತ್ತಾರೆ.

ನೀವೂ ಮನೆಯಿಂದಲೇ ಯಾರನ್ನಾದರೂ ಕೆಲಸಕ್ಕೆ ತಗೊಳ್ಳುವುದಿದ್ದರೆ ಮೊದಲು ಕೇಳಿಕೊಳ್ಳಿ: ಅವರು ಯಾವ ದೇಶದಲ್ಲಿ ಕೂತಿದ್ದಾರೆ? ಅಲ್ಲಿ ದುಡಿಯುವ ಹಕ್ಕು ಇದೆಯೇ? ಅವರು ನೌಕರರೋ, ಸ್ವತಂತ್ರ ಕೆಲಸಗಾರರೋ? ಹೂಂ ಅನ್ನುವುದು ಆಮೇಲೆ.

ತಂಗಿ ಎರಡು ವಾರ ಫೋನ್ ಮಾಡಲಿಲ್ಲ. ಆಮೇಲೆ ಒಂದು ಭಾನುವಾರ ಮಾಡಿದಳು. "ಇಎಡಿ ಬರೋವರೆಗೂ ನನ್ನ ಜಾಗ ಹಿಡ್ಕೊಂಡಿರು ಅಕ್ಕಾ" ಅಂದಳು. ಹಿಡ್ಕೊಂಡಿದ್ದೀನಿ.