ತೀರ್ಥರೂಪರ ಕಾಗದದ ಪೆಟ್ಟಿಗೆ

ಮನೆಯ ಹಿರಿಯರು ಕಾಲವಾದ ಮೇಲೆ ಅವರ ಭೂಮಿ, ಆಭರಣ, ಪಾತ್ರೆಪಗಡಿಗಳನ್ನು ಮಕ್ಕಳು ಹೇಗೆ ಹಂಚಿಕೊಳ್ಳತಕ್ಕದ್ದೆಂಬುದಕ್ಕೆ ಶಾಸ್ತ್ರದಲ್ಲಿಯೂ ಕಾಯಿದೆಯಲ್ಲಿಯೂ ಬೇಕಾದಷ್ಟು ಮಾರ್ಗವಿರುವುದು. ಆದರೆ ಒಂದು ಕಾಲದಲ್ಲಿ ಪಂಚಾಯತಿಯಲ್ಲಿಯೋ ಪುರಸಭೆಯಲ್ಲಿಯೋ ಕುಳಿತೆದ್ದ ತಂದೆಯೋ ತಾಯಿಯೋ ಬಿಟ್ಟುಹೋದ ಗಂಧದ ಹಾರ, ಶಾಲು, ಬಿಲ್ಲೆ, ಕರಪತ್ರ, ಅರ್ಜಿಗಳ ಕಟ್ಟು ಇವುಗಳ ಗತಿಯೇನೆಂಬುದನ್ನು ಮಿತಾಕ್ಷರೆಯೂ ಹೇಳಲಿಲ್ಲ. ಬಹುಮಟ್ಟಿಗೆ ಅವು ಅಟ್ಟವನ್ನು ಸೇರುವುವು. ಅಟ್ಟದಿಂದ ಗೆದ್ದಲಿನ ಹೊಟ್ಟೆಯನ್ನು ಸೇರುವುವು.

ಮಂಗಳೂರಿಗೆ ಪುರಸಭೆಯು ಬಂದುದು 1866ರಲ್ಲಿ, ಮಹಾನಗರಪಾಲಿಕೆಯಾದುದು 1980ರಲ್ಲಿ. ಈ ನಡುವಣ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಸುತ್ತಣ ಊರುಗಳಲ್ಲಿ ಎಷ್ಟು ಮನೆಗಳ ಯಜಮಾನರು ಚುನಾವಣೆಗೆ ನಿಂತು ಗೆದ್ದರೋ, ಸೋತರೋ! ಇಂದು ಪಾಲಿಕೆಯ ವಾರ್ಡುಗಳಾಗಿ ಹಂಚಿಹೋಗಿರುವ ನಮ್ಮ ದೇರೆಬೈಲಿನಲ್ಲಿಯೂ ಅಂತಹ ಮನೆಗಳುಂಟು. ನಮ್ಮದೂ ಒಂದು. ನಮ್ಮ ತೀರ್ಥರೂಪರು 1959ರ ಪಂಚಾಯತಿ ಕಾಯಿದೆಯು ಜಾರಿಗೆ ಬಂದ ಮೇಲೆ ನಗರದ ಹೊರಗಣ ಒಂದು ಗ್ರಾಮಪಂಚಾಯತಿಯ ಸದಸ್ಯರಾಗಿದ್ದರು. ದೊಡ್ಡ ಪದವಿಯೇನೂ ಅಲ್ಲ. ಆದರೆ ಅವರು ಒಂದು ಚೀಟಿಯನ್ನೂ ಹರಿದವರಲ್ಲ. ತಗಡಿನ ಪೆಟ್ಟಿಗೆಯೊಂದು ತುಂಬಿತ್ತು.

ಅದರಲ್ಲಿದ್ದ ವಸ್ತುಗಳಲ್ಲಿ ನೋಟಕ್ಕೆ ಚೆಂದವಾದುದು ತಗಡಿನ ಒಂದು ಬಿಲ್ಲೆ: ನೊಗ ಹೊತ್ತ ಜೋಡೆತ್ತು. 1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾಗುವ ತನಕ ಅದರ ಗುರುತು ಅದೇ ಆಗಿದ್ದಿತು. ಅದರ ಬಳಿಯಲ್ಲಿಯೇ ಹಸು-ಕರುವಿನ ಗುರುತಿನ ಕರಪತ್ರವೂ ಇದ್ದಿತು. ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟ ತೀರ್ಥರೂಪರ ಮನಸ್ಸು ಆಗ ಯಾವ ಕಡೆಗಿದ್ದಿತೋ ನಾವರಿಯೆವು. ಇನ್ನುಳಿದಂತೆ 1941ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಈಗ ನಿಂತುಹೋಗಿರುವ «ನವಭಾರತ» ಪತ್ರಿಕೆಯ ತುಣುಕುಗಳು, ಯಾರೆಂದು ಗೊತ್ತಾಗದ ಹದಿನಾಲ್ಕು ಮಂದಿ ಕುಳಿತ ಒಂದು ಛಾಯಾಚಿತ್ರ, ಮತ್ತು ಎಲ್ಲಕ್ಕಿಂತ ಅಡಿಯಲ್ಲಿ, ನಮ್ಮ ಮಾತೃಶ್ರೀಯವರ ಎರಡು ಬಳೆಗಳ ಗಿರವಿ ಚೀಟಿ. ಚೀಟಿಯ ತಾರೀಖು ಚುನಾವಣೆಗೆ ಹನ್ನೊಂದು ದಿನ ಮುಂಚಿನದು. ಹಾರ ಹಾಕಿಸಿಕೊಂಡ ಕೊರಳು ಒಬ್ಬರದು, ಬರಿದಾದ ಕೈ ಇನ್ನೊಬ್ಬರದು. ಆ ಚೀಟಿಯನ್ನು ನಾವು ಗಂಧದ ಹಾರದ ಜೊತೆಯಲ್ಲಿಯೇ ಕಟ್ಟಿ ಇಟ್ಟಿದ್ದೇವೆ.

ಪೆಟ್ಟಿಗೆಯ ಅರ್ಧ ಭಾಗವನ್ನು ತುಂಬಿದ್ದುವು ಗೇಣಿಯ ಕಾಗದಗಳು. ದಕ್ಷಿಣ ಕನ್ನಡದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇತರರಿಗಾಗಿ ಎರಡು ಮಾತು. ನಮ್ಮ ಜಿಲ್ಲೆಯಲ್ಲಿ ಶಾಶ್ವತವಾದ ಮೂಲಗೇಣಿ, ಧಣಿಯ ಇಚ್ಛೆಯಂತೆ ನಡೆಯುವ ಚಾಲಗೇಣಿ ಎಂದು ಎರಡು ಮುಖ್ಯ ಬಗೆಗಳಿದ್ದುವು. ಭೂಸುಧಾರಣೆಯ ತಿದ್ದುಪಡಿಯಿಂದಾಗಿ 1974ನೆಯ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರಕಾರದ ವಶವಾದುವು. ಉಳುತ್ತಿದ್ದವರು 7ನೆಯ ನಮೂನೆಯಲ್ಲಿ ಡಿಕ್ಲರೇಶನು ಕೊಟ್ಟು ಭೂನ್ಯಾಯಮಂಡಲಿಯಿಂದ ಹಕ್ಕನ್ನು ಪಡೆಯಬೇಕಾಯಿತು. ವಾಯಿದೆಯು ಹಲವು ಸಲ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಓದುಬರೆಹವಿಲ್ಲದ ಒಕ್ಕಲುಗಳು ಸಾಯಂಕಾಲ ನಮ್ಮ ಜಗಲಿಗೆ ಬಂದು ಕುಳಿತರೆ ತೀರ್ಥರೂಪರು ಲಾಂದ್ರದ ಬೆಳಕಿನಲ್ಲಿ ಅರ್ಜಿ ಬರೆಯುತ್ತಿದ್ದರು, ಪ್ರತಿಯೊಂದಕ್ಕೂ ಒಂದು ನಕಲನ್ನು ಇಟ್ಟುಕೊಳ್ಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅಂತಹ ಒಕ್ಕಲೊಬ್ಬರ ಮೊಮ್ಮಗನು ಬಂದು, ಅಜ್ಜನು ಕೊಟ್ಟ ಡಿಕ್ಲರೇಶನಿನ ಗುರುತೇನಾದರೂ ಇದೆಯೇ ಎಂದು ಕೇಳಿದನು. ಎರಡು ದಿನ ಹುಡುಕಿ ನಕಲನ್ನು ಕೊಟ್ಟೆವು. ಅದರಲ್ಲಿ ಸರ್ವೆ ನಂಬರೂ ತಾರೀಖೂ ಅಜ್ಜನ ಹೆಬ್ಬೆಟ್ಟೂ ಇದ್ದುವು. ಹುಡುಗನು ನಂಬರನ್ನು ನೋಡಲಿಲ್ಲ. ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತನು. ಆ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಗಿ ಕೊಡೋಣವೆಂದು ನಮ್ಮಲ್ಲಿ ಒಬ್ಬರು ಸೂಚಿಸಿದ್ದು ಅದಕ್ಕೆ ಹಿಂದಣ ವರ್ಷದಲ್ಲಿಯೇ.

ವಿವಾದಕ್ಕೆ ಕಾರಣವಾದುದು ಬೇರೊಂದು ಕಾಗದ. ಸಹಿಯಿಲ್ಲದ ಪತ್ರ, ತೀರ್ಥರೂಪರು ಸಾರ್ವಜನಿಕ ಬಾವಿಯನ್ನು ತಮ್ಮ ನೆಂಟರ ಮನೆಯ ಬಳಿಯಲ್ಲಿ ತೋಡಿಸಿದರೆಂಬ ದೂರು, ಕಠಿನವಾದ ಭಾಷೆಯಲ್ಲಿ. ಅದರ ಹಿಂಬದಿಯಲ್ಲಿ ಅವರದೇ ಕೈಯಿಂದ ಪೆನ್ಸಿಲಿನಲ್ಲಿ ಬರೆದ ಒಂದು ನಕ್ಷೆ: ಬಾವಿ, ದಾರಿ, ಏಳು ಮನೆಗಳು, ಒಂದೊಂದಕ್ಕೂ ಹೆಜ್ಜೆಯ ಲೆಕ್ಕ. ನೆಂಟರ ಮನೆಯೇ ಎಲ್ಲಕ್ಕಿಂತ ಹತ್ತಿರದ್ದು, ಸಂದೇಹವಿಲ್ಲ. ಆದರೆ ಉಳಿದ ಆರು ಮನೆಗಳೂ ಮೊದಲಿಗಿಂತ ನೀರಿಗೆ ಸಮೀಪವಾದುವೆಂಬುದನ್ನೂ ಅದು ತೋರಿಸುತ್ತದೆ. ನಮ್ಮ ಅಕ್ಕನವರು ಪತ್ರವನ್ನು ಸುಡಬೇಕೆಂದರು. ನಾವು ಒಪ್ಪಲಿಲ್ಲ. ಯಾರನ್ನು ಕುರಿತು ದೂರು ಬಂದಿತೋ ಅವರೇ ಅದನ್ನು ಮೂವತ್ತು ವರ್ಷ ಜೋಪಾನವಾಗಿಟ್ಟಿರುವಾಗ ಸುಡುವುದಕ್ಕೆ ನಾವು ಯಾರು? ಸನ್ಮಾನಪತ್ರಗಳನ್ನು ಮಾತ್ರ ಉಳಿಸಿಕೊಂಡ ಮನೆಯಲ್ಲಿ ಹಿರಿಯರ ನೆನಪಲ್ಲ, ಅವರ ಚಿತ್ರಪಟವೊಂದೇ ಉಳಿಯುವುದು. ಅಕ್ಕನವರು ಎರಡು ತಿಂಗಳು ನಮ್ಮೊಡನೆ ಮಾತಾಡಲಿಲ್ಲವೆಂಬುದು ಬೇರೆ ವಿಷಯ.

ಏನನ್ನೂ ಬಿಟ್ಟುಹೋಗದವರೂ ಉಂಟು. ಕಾರ್ನಾಡ್ ಸದಾಶಿವರಾಯರು ತಮ್ಮ ಸಂಪತ್ತನ್ನೆಲ್ಲ ದೇಶಕಾರ್ಯಕ್ಕೆ ಸುರಿದು 1937ರಲ್ಲಿ ಬಡವರಾಗಿ ತೀರಿಕೊಂಡರು. ಮಂಗಳೂರಿನ ಒಂದು ರಸ್ತೆಯೂ ಬೆಂಗಳೂರಿನ ಸದಾಶಿವನಗರವೂ ಅವರ ಹೆಸರನ್ನು ಹೊತ್ತಿವೆ. ಗಡಿಯಾಚೆಯ ಕಾಸರಗೋಡಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರೂ ಕವಿಗಳೂ ಆಗಿದ್ದುದಲ್ಲದೆ ಬದಿಯಡ್ಕ ಪಂಚಾಯತಿಯ ಅಧ್ಯಕ್ಷರೂ ಆಗಿದ್ದು, ನೂರು ವರ್ಷ ತುಂಬಿದ ಬಳಿಕ 2015ರಲ್ಲಿ ಗತಿಸಿದರು. ಅವರಾದರೋ ತಮ್ಮ ಕಥೆಯನ್ನು «ದುಡಿತವೇ ನನ್ನ ದೇವರು» ಎಂಬ ಗ್ರಂಥದಲ್ಲಿ ತಾವೇ ಬರೆದಿಟ್ಟರು. ಬರೆಯದ ತಂದೆಗಳ ಮಕ್ಕಳಿಗೆ ಪೆಟ್ಟಿಗೆಯೇ ಗ್ರಂಥ.

ಅದನ್ನು ಕಾಪಾಡುವ ಕ್ರಮವು ಕಷ್ಟದ್ದಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗುಂಡುಸೂಜಿಯು ತುಕ್ಕು ಹಿಡಿದು ಕಾಗದವನ್ನು ತಿನ್ನುವುದರಿಂದ ಮೊದಲು ಸೂಜಿಗಳನ್ನೆಲ್ಲ ತೆಗೆಯಬೇಕು. ಹರಿದುದಕ್ಕೆ ಅಂಟುಪಟ್ಟಿಯನ್ನು ಹಚ್ಚಲಾಗದು. ಅದು ಹಳದಿಗಟ್ಟಿ ಅಕ್ಷರವನ್ನೇ ನುಂಗುವುದು. ಲ್ಯಾಮಿನೇಶನ್ ಮಾಡಿಸುವುದಂತೂ ಬೇಡವೇ ಬೇಡ. ಪತ್ರಿಕೆಯ ತುಣುಕುಗಳನ್ನು ಬೇರೆಯಾಗಿಡಿರಿ, ಅವುಗಳ ಆಮ್ಲವು ನೆರೆಯ ಹಾಳೆಗೂ ಹತ್ತುತ್ತದೆ. ತೊಳೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟು, ಮಳೆ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಬಿಡಿಸಿಡುವುದು. ಛಾಯಾಚಿತ್ರಗಳ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ, ಹೆಸರು ಬಲ್ಲ ಮುದುಕರು ಬದುಕಿರುವಾಗಲೇ. ಸಭೆಯ ನಡವಳಿಯ ಮೂಲಪುಸ್ತಕವೇನಾದರೂ ಸಿಕ್ಕಿದರೆ ಅದು ಮನೆಯ ಸ್ವತ್ತಲ್ಲ. ರಶೀದಿ ಪಡೆದು ಕಚೇರಿಗೆ ಒಪ್ಪಿಸತಕ್ಕದ್ದು.

ನಮ್ಮ ಛಾಯಾಚಿತ್ರದ ಹದಿನಾಲ್ವರಲ್ಲಿ ಒಂಬತ್ತು ಮಂದಿಯ ಹೆಸರು ಇದುವರೆಗೆ ಸಿಕ್ಕಿದೆ. ಹಿಂದಣ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವರಾಗಿ ನಿಂತು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡವರು ಬಾವಿಯ ದೂರನ್ನು ಬರೆದವರೇ ಇರಬೇಕೆಂದು ಅಕ್ಕನವರ ಊಹೆ.