ಹಕ್ಕಿ ನೆಟ್ಟ ಗಂಧ

ಜಯನಗರದ ನಮ್ಮ ಮನೆಯ ಹಿತ್ತಿಲಿನಲ್ಲಿ, ಕಾಂಪೌಂಡಿನ ಗೋಡೆಗೆ ಒತ್ತಿಕೊಂಡಂತೆ, ಹಳೆಯ ಹೊಂಗೆಯ ಮರವೊಂದಿದೆ. ಎರಡು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತಿದ್ದಾಗ, ಅದರ ನೆರಳಿನಲ್ಲಿ ಗೇಣುದ್ದದ ಸಸಿಯೊಂದು ಕಾಣಿಸಿತು. ಯಾರೂ ನೆಟ್ಟದ್ದಲ್ಲ. ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು ಒಂದು ಸಂಜೆ ಕಾಫಿಗೆ ಬಂದವರು ಅದರ ಎಲೆಯನ್ನು ಸವರಿ ನೋಡಿ, "ಮೇಷ್ಟ್ರೇ, ಇದು ಶ್ರೀಗಂಧ. ನಿಮ್ಮ ಕೋಗಿಲೆಯ ಕೆಲಸವಿರಬೇಕು" ಎಂದರು. ಮರುದಿನ ಪಕ್ಕದ ಮನೆಯ ಹಿರಿಯರು ಗೋಡೆಯ ಮೇಲಿಂದ ಇಣುಕಿ, "ಚಿಕ್ಕದಿರುವಾಗಲೇ ಕಿತ್ತುಬಿಡಿ ಸ್ವಾಮಿ. ಮರವಾದ ಮೇಲೆ ಕಳ್ಳರು ಗರಗಸ ಹಿಡಿದು ಬರುತ್ತಾರೆ" ಎಂದು ಎಚ್ಚರಿಸಿದರು.

"ನಿಮ್ಮ ಕೋಗಿಲೆ" ಎಂಬ ಮಾತಿನಲ್ಲಿ ಸ್ವಲ್ಪ ಚೇಷ್ಟೆಯಿತ್ತು. ಕನ್ನಡದ ಅಧ್ಯಾಪಕನಿಗೆ ಕೋಗಿಲೆಯೆಂದರೆ ಮಾವಿನ ಚಿಗುರು, ವಸಂತ, ವಿರಹ. ಬನವಾಸಿಯ ನಾಡಿನಲ್ಲಿ ಕೋಗಿಲೆಯಾಗಿಯಾದರೂ ಜನ್ಮವೆತ್ತಲು ಪಂಪ ಹಂಬಲಿಸಿದನೆಂದು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಆ ಹಕ್ಕಿ ಹೊಟ್ಟೆಗೇನು ತಿನ್ನುತ್ತದೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ತೋಚಲಿಲ್ಲ. ಬೆಳೆದ ಕೋಗಿಲೆ ಬಹುಮಟ್ಟಿಗೆ ಫಲಾಹಾರಿ. ಅರಳಿ, ಆಲ, ಅತ್ತಿಗಳ ಹಣ್ಣಿನ ಜೊತೆಗೆ, ಮಾಗಿ ಕಪ್ಪಾದ ಗಂಧದ ಹಣ್ಣೂ ಅದಕ್ಕೆ ಪ್ರಿಯ. ಹಣ್ಣನ್ನು ಇಡಿಯಾಗಿ ನುಂಗಿ, ತಿರುಳನ್ನು ಅರಗಿಸಿಕೊಂಡು, ಗಟ್ಟಿ ಬೀಜವನ್ನು ಮತ್ತೊಂದು ಮರದ ಮೇಲೆ ಕುಳಿತಾಗ ಹೊರಹಾಕುತ್ತದೆ.

ಮತ್ತೊಂದು ಮರದ ಮೇಲೆ ಎಂಬುದೇ ಇಲ್ಲಿನ ಸ್ವಾರಸ್ಯ. ಗಂಧ ತನ್ನ ಕಾಲಮೇಲೆ ತಾನು ನಿಲ್ಲುವ ಮರವಲ್ಲ. ಎಲೆ ಹಸುರಾಗಿದ್ದರೂ, ಅದರ ಬೇರು ನೆರೆಯ ಗಿಡದ ಬೇರನ್ನು ಅಪ್ಪಿ ಆಹಾರದ ಒಂದು ಭಾಗವನ್ನು ಹೀರಿಕೊಳ್ಳಬೇಕು. ಕುಂಡದಲ್ಲಿ ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಬಯಲಿಗೆ ಬಿದ್ದ ಬೀಜದ ಪಾಡು ಏನಾದೀತು! ಆದರೆ ಹಕ್ಕಿ ಕೂರುವುದು ಕೊಂಬೆಯ ಮೇಲೆ. ಬೀಜ ಬೀಳುವುದು ಆ ಮರದ ಕೆಳಗೆ. ಆ ಮಣ್ಣಿನಲ್ಲಿ ಆಸರೆಯ ಬೇರು ಮೊದಲೇ ಹರಡಿರುತ್ತದೆ. ನಮ್ಮ ಹೊಂಗೆಯ ನೆರಳನ್ನು ಆ ಸಸಿ ಸುಮ್ಮನೆ ಹುಡುಕಿಕೊಂಡು ಬಂದದ್ದಲ್ಲ.

ಈ ಸಂಬಂಧವನ್ನು ನಮ್ಮ ಊರಿನಲ್ಲಿಯೇ ಅಳೆದು ತೂಗಿ ನೋಡಿದವರಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮೂವರು ವಿಜ್ಞಾನಿಗಳು 1991ರಲ್ಲಿ ಗಂಧದ ಬೀಜದ ಗಾತ್ರವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅವರಲ್ಲೊಬ್ಬರು ಕೆ. ಎನ್. ಗಣೇಶಯ್ಯನವರು, ಕಾದಂಬರಿಕಾರರಾಗಿಯೇ ಅವರನ್ನು ಬಲ್ಲ ವಾಚಕರಿಗೆ ಇದು ಹೊಸ ಪರಿಚಯವಾದೀತು. ಬೀಜ ದೊಡ್ಡದಾದಷ್ಟೂ ಸಸಿಗೆ ಹೆಚ್ಚು ಬುತ್ತಿ, ಬದುಕಲು ಹೆಚ್ಚು ಶಕ್ತಿ. ಆದರೆ ದೊಡ್ಡ ಬೀಜವನ್ನು ಹಕ್ಕಿ ಸುಲಭವಾಗಿ ಒಯ್ಯಲಾರದು. ಚಿಕ್ಕದಾದರೆ ದೂರ ಹೋದೀತು, ಹೋದಲ್ಲಿ ನೆಲೆ ನಿಲ್ಲುವುದು ಕಷ್ಟ. ಮಗನನ್ನು ಪರದೇಶಕ್ಕೆ ಕಳುಹಿಸುವ ತಾಯಿಯ ಇಕ್ಕಟ್ಟಿನಂತೆಯೇ ಇದೂ.

ಹಾಗಾದರೆ ದೊಡ್ಡ ಬೀಜದ ಮರಗಳ ಗತಿಯೇನು? ಅವಕ್ಕೆ ದೊಡ್ಡ ಬಾಯಿಯ ಹಕ್ಕಿ ಬೇಕು. ಪಶ್ಚಿಮ ಘಟ್ಟದ ಕಾಡಿನಲ್ಲಿ ಆ ಕೆಲಸಕ್ಕೆ ಮಂಗಟ್ಟೆ ಹಕ್ಕಿಯಿದೆ. ರಾಮಪತ್ರೆಯಂಥ ಮರಗಳ ಬೀಜವನ್ನು ಕೋಗಿಲೆ, ಪಿಕಳಾರಗಳು ನುಂಗಲಾರವು, ಮಂಗಟ್ಟೆ ನುಂಗೀತು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಕಿರಿದಾದ ಬಿರುಕನ್ನಷ್ಟೇ ಉಳಿಸಿ ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಕಾಡೆಲ್ಲ ತಿರುಗಿ ಹಣ್ಣು ತಂದು ಆ ಬಿರುಕಿನಲ್ಲಿ ಉಣಿಸುತ್ತದೆ. ಆ ಹಾರಾಟದಲ್ಲಿಯೇ ಬೀಜಗಳು ಕಾಡಿನ ತುಂಬ ಚೆಲ್ಲಿಹೋಗುತ್ತವೆ. ಭಾರತದ ಒಂಬತ್ತು ಜಾತಿಯ ಮಂಗಟ್ಟೆಗಳಲ್ಲಿ ನಾಲ್ಕು ದಾಂಡೇಲಿಯ ಸುತ್ತ ವಾಸವಾಗಿವೆ. 2011ರಲ್ಲಿ ಸರ್ಕಾರ ಅಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು. ಹಕ್ಕಿ ಹೋದರೆ ಮರ ಕೂಡಲೆ ಸಾಯದು. ನೂರು ವರ್ಷ ಹೂಬಿಟ್ಟು, ಹಣ್ಣುಬಿಟ್ಟು ನಿಂತೇ ಇದ್ದೀತು. ಹಣ್ಣು ಮಾತ್ರ ಬುಡದಲ್ಲೇ ಉದುರಿ, ತಾಯಿಮರದ ಕೆಳಗೆ ಕಾದು ಕುಳಿತ ಹುಳುವಿಗೂ ಬೂಷ್ಟಿಗೂ ತುತ್ತಾಗುತ್ತ ಹೋಗುತ್ತದೆ. ನೋಡುವವರ ಕಣ್ಣಿಗೆ ಕಾಡು ಕಾಡಾಗಿಯೇ ಇರುತ್ತದೆ.

ಹಕ್ಕಿಗಳಿಗೆ ವಿವೇಕವಿದೆಯೆಂದು ನಾನು ವಾದಿಸಲಾರೆ. ಅಮೆರಿಕದಿಂದ ತೋಟದ ಅಲಂಕಾರಕ್ಕೆಂದು ಬಂದ ಲಂಟಾನವನ್ನು ಬಂಡೀಪುರಕ್ಕೂ ಬಿಳಿಗಿರಿರಂಗನ ಬೆಟ್ಟಕ್ಕೂ ಹಬ್ಬಿಸಿದ್ದರಲ್ಲಿ ಇದೇ ಪಿಕಳಾರದ ಪಾಲೂ ಇದೆ. ನಮ್ಮ ನೀರಿನ ತೊಟ್ಟಿಯ ಬಿರುಕಿನಲ್ಲಿ ಅರಳಿಯ ಸಸಿಯನ್ನಿಟ್ಟು ಹೋದ ಹಕ್ಕಿಯನ್ನು ನಾನೇ ಶಪಿಸಿದ್ದುಂಟು.

ನಮ್ಮ ಬೀದಿಯ ತಿರುವಿನಲ್ಲೊಂದು ಗಸಗಸೆ ಹಣ್ಣಿನ ಮರವಿತ್ತು. ಸ್ಕೂಲಿನ ಮಕ್ಕಳಿಗೂ ಕುಟ್ರುಹಕ್ಕಿಗಳಿಗೂ ಅಲ್ಲಿ ಸಮಾನ ಹಕ್ಕು. ಕಾರುಗಳ ಮೇಲೆ ಹಿಕ್ಕೆ ಬೀಳುತ್ತದೆಂಬ ದೂರಿಗೆ ಹೋದ ವರ್ಷ ಅದು ಉರುಳಿತು. ಅದರ ಜಾಗದಲ್ಲಿ ನೆಟ್ಟಿರುವುದು ಚೆಂದದ ಹೂಮರ. ಕಾಯಿ ಒಣಗಿ ಬಿರಿಯುವ ಜಾತಿ, ಹಕ್ಕಿಯ ಹಂಗಿಲ್ಲದ್ದು. ಈಗ ಆ ತಿರುವಿನಲ್ಲಿ ಬೆಳಗಿನ ಗದ್ದಲವಿಲ್ಲ.

ಪಕ್ಕದ ಮನೆಯವರ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ ಲಾಗಾಯ್ತು, ಸ್ವಂತ ಹಿತ್ತಿಲಿನಲ್ಲಿ ಹುಟ್ಟಿದ ಗಂಧವೂ ಪರರ ಸ್ವತ್ತು. 2001ರ ಕಾಯಿದೆಯ ತಿದ್ದುಪಡಿಯಿಂದಲೇ ನಮ್ಮ ರಾಜ್ಯದಲ್ಲಿ ಅದು ನೆಲದೊಡೆಯನದಾಯಿತು. ಅಷ್ಟು ಕಾಲ, ತೊಡಕು ಬೇಡವೆಂದು ಎಷ್ಟು ಜನ ಹಕ್ಕಿ ನೆಟ್ಟ ಸಸಿಯನ್ನು ಚಿವುಟಿ ಎಸೆದರೋ!

ನಾನು ಕೀಳಲಿಲ್ಲ. ಸಸಿ ಈಗ ಎದೆಯೆತ್ತರಕ್ಕೆ ಬಂದಿದೆ. ಗಂಧದ ಎಲೆಗೆ ಪರಿಮಳವಿಲ್ಲ; ಮರ ಬಲಿತು ಒಳಗೆ ಚೇಗು ಕಟ್ಟುವವರೆಗೆ ಅದರ ಗುಟ್ಟು ಹೊರಗೆ ಬೀಳುವಂತಿಲ್ಲ. ಹಿತ್ತಿಲಿಗೆ ಬಂದ ನೆಂಟರು "ಇದೇನು ಗಿಡ?" ಎಂದು ಕೇಳಿದರೆ, "ಯಾವುದೋ ಕಾಡುಗಿಡ, ಹಕ್ಕಿ ತಂದು ಹಾಕಿದ್ದು" ಎನ್ನುತ್ತೇನೆ.